ತಮಾರಳ ಶನಿವಾರ ಮತ್ತು ನನ್ನ ವೇಳಾಪಟ್ಟಿ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಊಟವಾದ ಮೇಲೆ ಎಲೆ ಅಡಿಕೆಯ ಚಟ. ನನಗಿರುವುದು ಎಣಿಸುವ ಚಟ. ಮುಚ್ಚಿಟ್ಟು ಪ್ರಯೋಜನವಿಲ್ಲ, ಏಕೆಂದರೆ ನನ್ನನ್ನು ಎರಡು ದಿನ ಬಲ್ಲವರೆಲ್ಲ ಇದನ್ನೂ ಬಲ್ಲರು. ಕೋಬೆಯ ಬೆಟ್ಟದ ಮಗ್ಗುಲಿನಲ್ಲಿರುವ ನನ್ನ ಕೋಣೆಯಿಂದ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಇನ್ನೂರ ಹದಿನಾಲ್ಕು ಮೆಟ್ಟಿಲು. ಕೊರೊನಾ ಬಂದ ಮೊದಲ ವರ್ಷ ನಾನು ಬಟ್ಟೆಯ ಮಾಸ್ಕು ಒಗೆದು ಒಣಹಾಕಿದ್ದು ಮುನ್ನೂರ ಆರು ಸಲ. ಆನ್‌ಲೈನ್ ಸಭೆಗಳಲ್ಲಿ ನಮ್ಮ ಪ್ರೊಫೆಸರು ಮೈಕು ಬಂದ್ ಮಾಡಿಕೊಂಡೇ ಭಾಷಣ ಶುರು ಮಾಡಿದ್ದು ನಲವತ್ತೆಂಟು ಸಲ. ಅದರಲ್ಲಿ ನಾವು ಹೇಳುವ ಧೈರ್ಯ ಮಾಡಿದ್ದು ಹನ್ನೊಂದು ಸಲ. ಎಲ್ಲವೂ ದಿನಾಂಕ ಸಮೇತ ನನ್ನ ದಿನಚರಿಯಲ್ಲಿದೆ. ನನ್ನ ಸಂಶೋಧನೆಯೂ ಅದೇ ಜಾತಿಯದು. ಬಂದರಿನ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಪಾಚಿಯ ಕಣಗಳನ್ನು ಎಣಿಸುವುದು. "ಪಾಚಿ ಎಣ್ಸಕ್ಕೆ ಜಪಾನ್‌ವರ್ಗೂ ಹೋಗ್ಬೇಕಿತ್ತೇನೇ ವಿನುತಾ? ನಮ್ಮ ಅಮಾನಿಕೆರೇಲಿ ಇರ್ಲಿಲ್ವಾ?" ಎಂದು ತುಮಕೂರಿನಲ್ಲಿರುವ ನನ್ನ ಅಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. ಎಷ್ಟು ಸಲ ಕೇಳಿದ್ದಾಳೆ ಎಂಬುದೂ ಬರೆದಿಟ್ಟಿದೆ, ಇಲ್ಲಿ ಹೇಳುವುದಿಲ್ಲ. ಇಷ್ಟು ಲೆಕ್ಕಾಚಾರದ ಹೆಣ್ಣು ಮಗಳೊಬ್ಬಳು ಒಂದು ಪಾಪದ ಹುಡುಗಿಯ ಇಡೀ ಒಂದು ವರ್ಷವನ್ನು ಹೇಗೆ ಕಳೆದುಹಾಕಲಿದ್ದಳು ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ. ಮನಸ್ಸು ಹಗುರವಾಗುತ್ತದೆ.

ಆ ಹುಡುಗಿಯ ಹೆಸರು ತಮಾರ್. ಹುಟ್ಟಿದ್ದು, ಬೆಳೆದದ್ದು ಕೋಬೆಯಲ್ಲೇ. ತಂದೆ ಎಜ್ರಾ ಅವರು ಮುತ್ತಿನ ವ್ಯಾಪಾರಿ. ಅವರ ಅಜ್ಜ ಬಾಗ್ದಾದಿನಿಂದ ಮುಂಬೈಗೆ, ಮುಂಬೈಯಿಂದ ಹಡಗು ಹತ್ತಿ ಕೋಬೆಗೆ ಬಂದ ಯಹೂದಿ. ಆ ಮುಂಬೈಯ ನೆಂಟಸ್ತಿಕೆಯಿಂದಾಗಿ ಎಜ್ರಾ ಅವರಿಗೆ ಶುಂಠಿ ಹಾಕಿದ ಚಹಾ ಮತ್ತು 'ಅಚ್ಛಾ' ಎಂಬ ಒಂದು ಪದ ಪಿತ್ರಾರ್ಜಿತವಾಗಿ ಬಂದಿತ್ತು. ನಾನು ಆ ಮನೆಗೆ ಕಾಲಿಟ್ಟದ್ದು ಗಣಿತ ಹೇಳಿಕೊಡಲು. ವಿದ್ಯಾರ್ಥಿವೇತನದಲ್ಲಿ ತರಕಾರಿ ಕೊಂಡ ಮೇಲೆ ಉಳಿಯುವುದು ಅಷ್ಟರಲ್ಲೇ ಇದ್ದುದರಿಂದ ಪಾಠ ಹೇಳಲು ಮನೆ ಹುಡುಕುತ್ತಿದ್ದೆ. ಅವರು ಮಗಳಿಗೆ ಭಿನ್ನರಾಶಿ ಕಂಡರೆ ಆಗುವುದಿಲ್ಲವೆಂದು ಮೇಷ್ಟರನ್ನು ಹುಡುಕುತ್ತಿದ್ದರು. ಎರಡು ವರ್ಷ ವಾರಕ್ಕೊಮ್ಮೆ ಹೋಗಿ ಹೇಳಿಕೊಟ್ಟೆ. ಜಪಾನಿನಲ್ಲಿ ಪಾಠ ಹೇಳುವವರೆಲ್ಲ ಸೆನ್ಸೇ, ಅಂದರೆ ಗುರುಗಳು. ಹೀಗಾಗಿ ಅವಳಿಗಿಂತ ಎಂಟೇ ವರ್ಷಕ್ಕೆ ದೊಡ್ಡವಳಾದ ನಾನು ಆ ಮನೆಯಲ್ಲಿ ವಿನು ಸೆನ್ಸೇ ಆಗಿ, ನಡೆಯುವಾಗ ಕೂಡ ಸ್ವಲ್ಪ ಗಂಭೀರವಾಗಿ ಹೆಜ್ಜೆ ಹಾಕಲು ಕಲಿತೆ.

ಎರಡು ಸಾವಿರದ ಇಪ್ಪತ್ತರ ಜೂನಿನಲ್ಲಿ ತಮಾರಳ ಶಾಲೆ ಮುಗಿಯಿತು. ಕಾಲೇಜು ಸೇರುವ ಮುನ್ನ ಅವಳು ಒಂದು ವರ್ಷ ಇಸ್ರೇಲಿಗೆ ಹೋಗಬೇಕಿತ್ತು. ಬೇರೆ ಬೇರೆ ದೇಶಗಳಲ್ಲಿ ಬೆಳೆದ ಯಹೂದಿ ಹುಡುಗ ಹುಡುಗಿಯರು ಹೀಗೆ ಹೋಗುವುದು ಅವರಲ್ಲಿ ಬಹಳ ಮಂದಿಗೆ ರೂಢಿ. ಬೆಳಿಗ್ಗೆ ಭಾಷೆ, ಧರ್ಮಗ್ರಂಥ ಓದುವುದು. ಮಧ್ಯಾಹ್ನ ಶಿಶುವಿಹಾರದಲ್ಲೋ ವೃದ್ಧರ ಮನೆಯಲ್ಲೋ ಕೆಲಸ ಮಾಡುವುದು. ಹನ್ನೆರಡು ಮಂದಿ ಒಂದು ಮನೆಯಲ್ಲಿದ್ದು ಪಾತ್ರೆ ಯಾರು ತೊಳೆಯಬೇಕೆಂದು ಜಗಳವಾಡುವುದು. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಗಾಬರಿಯಾದಳು. "ಒಂದ್ ವರ್ಷ ಗ್ಯಾಪಾ? ಗ್ಯಾಪ್ ಸರ್ಟಿಫಿಕೇಟಿಗೆ ಏನ್ ಮಾಡ್ತಾರಂತೆ?" ಎಂದಳು. ಅವಳ ಗಾಬರಿಯಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಓದಿನ ನಡುವೆ ಒಂದು ವರ್ಷ ಖಾಲಿ ಹೋದರೆ, ನೋಟರಿಯ ಮುಂದೆ ನಿಂತು, ಛಾಪಾ ಕಾಗದದ ಮೇಲೆ, 'ಸದರಿ ಅವಧಿಯಲ್ಲಿ ನಾನು ಯಾವುದೇ ಅಪರಾಧ ಚಟುವಟಿಕೆಯಲ್ಲಿ ತೊಡಗಿರಲಿಲ್ಲ' ಎಂದು ಪ್ರಮಾಣ ಮಾಡಬೇಕು. ನನ್ನ ಚಿಕ್ಕಪ್ಪನ ಮಗಳು ಟೈಫಾಯಿಡಿನಿಂದ ಒಂದು ವರ್ಷ ಮಲಗಿದ್ದವಳು, ಪಾಪ, ಹಾಗೇ ಪ್ರಮಾಣ ಮಾಡಿದ್ದಾಳೆ. ಆದರೆ ತಮಾರಳ ಜನಕ್ಕೆ ಆ ಖಾಲಿ ವರ್ಷವೇ ಎಲ್ಲಕ್ಕಿಂತ ತುಂಬಿದ ವರ್ಷ.

ಅದಕ್ಕೆ ಅವಳು ಯಾಕಷ್ಟು ಹಂಬಲಿಸುತ್ತಿದ್ದಳೆಂದು ಒಮ್ಮೆ ಕೇಳಿದ್ದೆ. ಕೇಳುವ ಮೊದಲು ಅಭ್ಯಾಸಬಲದಿಂದ, "ಕೋಬೆಯಲ್ಲಿ ನಿನ್ನ ವಯಸ್ಸಿನ ಯಹೂದಿ ಹುಡುಗಿಯರು ಎಷ್ಟು ಮಂದಿ?" ಎಂದೆ.

"ನಾನು," ಎಂದಳು.

ಆಮೇಲೆ ಅಂದಳು: "ಒಂದು ವರ್ಷ, ಸೆನ್ಸೇ, ಒಂದೇ ಒಂದು ವರ್ಷ ಯಾರಿಗೂ ಏನನ್ನೂ ವಿವರಿಸದೆ ಇರ್ಬೇಕು. ಇದನ್ನ ಯಾಕೆ ತಿನ್ನಲ್ಲ, ಶನಿವಾರ ಯಾಕೆ ಬರಲ್ಲ, ಆ ಹಬ್ಬ ಯಾವುದು ಅಂತ ಯಾರೂ ಕೇಳ್ಬಾರದು."

ನನಗೆ ತಟ್ಟನೆ ಅರ್ಥವಾಯಿತು. ಈ ಊರಿನ ಪ್ರತಿ ಹೋಟೆಲಿನಲ್ಲೂ ನಾನು ಮಾಂಸ ಬೇಡ, ಮೀನೂ ಬೇಡ, ಮೀನಿನ ಪುಡಿ ಹಾಕಿದ ಸಾರೂ ಬೇಡ ಎಂದು ಕೈಮುಗಿದು ವಿವರಿಸಿ, ಕೊನೆಗೆ ಮೀನಿನ ಪುಡಿಯನ್ನು ಮೇಲೆ ಉದುರಿಸಿದ ಸೊಪ್ಪನ್ನು ಎದುರಿಟ್ಟುಕೊಂಡು ಕೂತವಳು.

ಆ ಮನೆಯ ಶುಕ್ರವಾರದ ಸಂಜೆಯೂಟಕ್ಕೆ ನನ್ನನ್ನು ಆಗಾಗ ಕರೆಯುತ್ತಿದ್ದರು. ಅಲ್ಲೇ ನನ್ನ ಚಟಕ್ಕೆ ಮೊದಲ ಪೆಟ್ಟು ಬಿದ್ದದ್ದು. ಮೇಜಿನ ಸುತ್ತ ನೋಡಿ, ತಟ್ಟೆ ಇಡಲು ನೆರವಾಗುವ ಉತ್ಸಾಹದಲ್ಲಿ "ಏಳು ಜನ" ಎಂದುಬಿಟ್ಟೆ. ಎಜ್ರಾ ಅವರು ನಕ್ಕು, ಇಲ್ಲಿಯ ರೀತಿಯಲ್ಲಿ ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ, "ವಿನು-ಸಾನ್, ನಾವು ಮನುಷ್ಯರನ್ನ ಎಣಿಸಲ್ಲ. ತಟ್ಟೆ ಎಣಿಸಿ, ಚಮಚ ಎಣಿಸಿ, ಜನರನ್ನ ಬೇಡ," ಎಂದರು. ಎಣಿಸಲೇಬೇಕಾದರೆ? "ಆಗ ಒಂದಲ್ಲ, ಎರಡಲ್ಲ, ಮೂರಲ್ಲ ಅಂತ ಎಣಿಸ್ತೀವಿ." ಆ ದಿನ ನನ್ನ ದಿನಚರಿಯಲ್ಲಿ 'ಊಟಕ್ಕೆ ಇದ್ದವರು: ಏಳಲ್ಲ' ಎಂದು ಬರೆದಿದೆ. ಕೊರೊನಾ ಕಾಲದಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಕೂಡಿ ಊಟ ಮಾಡಬಾರದೆಂಬ ಸೂಚನೆ ಬಂದಾಗ, ಇವರು ಅದನ್ನು ಹೇಗೆ ಪಾಲಿಸುತ್ತಾರೆಂದು ನನಗೆ ನಿಜಕ್ಕೂ ಚಿಂತೆಯಾಗಿತ್ತು. ನೆಂಟರನ್ನೇ ಕರೆಯದೆ ಪಾಲಿಸಿದರು. ನಾನೂ ಒಂದು ವರ್ಷ ಆ ಊಟ ಕಾಣಲಿಲ್ಲ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗಿ ಮೂರು ನಕ್ಷತ್ರ ಕಾಣುವವರೆಗೆ ಅವರಿಗೆ ಶಬ್ಬಾತ್, ಅಂದರೆ ವಿಶ್ರಾಂತಿಯ ದಿನ. ಅಂದು ಬರೆಯುವಂತಿಲ್ಲ, ಫೋನು ಮುಟ್ಟುವಂತಿಲ್ಲ, ರೈಲು ಬಸ್ಸು ಹತ್ತುವಂತಿಲ್ಲ, ದೀಪದ ಗುಂಡಿ ಒತ್ತುವಂತಿಲ್ಲ. ಇದನ್ನೆಲ್ಲ ನಾನು ಚೆನ್ನಾಗಿ ಬಲ್ಲೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಮುಂದೆ ನಾಚಿಕೆಪಡಲು ಬೇಕಾಗುತ್ತದೆ.

ತಮಾರಳ ಪ್ರಯಾಣ ಮೂರು ಸಲ ರದ್ದಾಯಿತು. ಮೊದಲನೆಯದು ಆ ವರ್ಷದ ಆಗಸ್ಟಿನಲ್ಲಿ, ಕಾಗದಪತ್ರ ಸಮಯಕ್ಕೆ ಬರಲಿಲ್ಲ. ಎರಡನೆಯದು ಮರುವರ್ಷ ಜನವರಿಯಲ್ಲಿ, ಅಲ್ಲಿಯ ವಿಮಾನ ನಿಲ್ದಾಣವೇ ಮುಚ್ಚಿತು. ಮೂರನೆಯದು ಮೇ ತಿಂಗಳಲ್ಲಿ, ಅಲ್ಲಿ ಕದನದ ಸುದ್ದಿ ಬಂದಾಗ. ಆಗ ಅವಳ ತಾಯಿಯೇ ಸೂಟ್‌ಕೇಸು ಬಿಚ್ಚಿದರು. ಬೇಸಿಗೆ ಬಟ್ಟೆ ತೆಗೆದು ಸ್ವೆಟರು, ಸ್ವೆಟರು ತೆಗೆದು ಬೇಸಿಗೆ ಬಟ್ಟೆ. ಆ ಸೂಟ್‌ಕೇಸು ಎಲ್ಲೂ ಹೋಗದೆ ಎಲ್ಲ ಋತುಗಳನ್ನೂ ಕಂಡಿತು. ನಾಲ್ಕನೆಯ ಅವಕಾಶ ಇಪ್ಪತ್ತೊಂದರ ಆಗಸ್ಟಿನ ಕೊನೆಯಲ್ಲಿ ಬಂತು. ಇದೇ ಕೊನೆ ಎಂದು ಅಲ್ಲಿಯ ವ್ಯವಸ್ಥಾಪಕರು ತಿಳಿಸಿದ್ದರು. ಮೂವತ್ತರ ಒಳಗೆ ಬಂದು ಕ್ವಾರಂಟೈನ್ ಸೇರಿದವರಿಗಷ್ಟೇ ಜಾಗ. ಇತ್ತ ಅವಳಿಗೆ ಸೀಟು ಕೊಟ್ಟಿದ್ದ ವಿಶ್ವವಿದ್ಯಾಲಯವೂ ಮುಂದಿನ ವರ್ಷಕ್ಕಿಂತ ಹೆಚ್ಚು ಕಾಯಲಾಗದು ಎಂದಿತ್ತು. ಈಗ ತಪ್ಪಿದರೆ ಮುಂದೆ ಇಲ್ಲ.

ಆಗ ನಾನು ಮುಂದೆ ಬಂದೆ. ಯಾರೂ ಕರೆಯಲಿಲ್ಲ, ನಾನೇ ಬಂದೆ. "ಎಲ್ಲ ನನಗೆ ಬಿಡಿ, ಒಂದು ವೇಳಾಪಟ್ಟಿ ಮಾಡ್ತೀನಿ," ಎಂದೆ. ಎಜ್ರಾ ಅವರು "ಅಚ್ಛಾ" ಎಂದರು. ಕಂಪ್ಯೂಟರಿನಲ್ಲಿ ನಾನು ಮಾಡಿದ ಆ ಪಟ್ಟಿ ನೋಡಲು ಚೆಂದವಿತ್ತು ಎಂದು ಇವತ್ತಿಗೂ ಹೇಳುತ್ತೇನೆ. ಕೆಲಸ, ದಿನಾಂಕ, ಸಮಯ, ಬೇಕಾದ ಕಾಗದ, ಯಾರು, ಮುಗಿಯಿತೇ, ಹೀಗೆ ಆರು ಕಾಲಂ, ನಾಲ್ಕು ಬಣ್ಣ. ಅದರ ಜೀವಾಳವೆಂದರೆ, ವಿಮಾನದ ದಿನಾಂಕವೊಂದನ್ನು ತುಂಬಿದರೆ ಸಾಕು, ಉಳಿದದ್ದೆಲ್ಲ ತಾನೇ ಲೆಕ್ಕವಾಗಿ ಕೂರುತ್ತಿತ್ತು. ಕೊರೊನಾ ಪರೀಕ್ಷೆ ವಿಮಾನಕ್ಕೆ ಎರಡು ದಿನ ಮುಂಚೆ. ಮೊಹರು ಹಾಕಿದ ವರದಿಯನ್ನು ಕ್ಲಿನಿಕ್ಕಿನಿಂದ ತರುವುದು ಒಂದು ದಿನ ಮುಂಚೆ. ವಿಮಾನ ಇಪ್ಪತ್ತಾರು, ಗುರುವಾರ. ಪರೀಕ್ಷೆ ಮಂಗಳವಾರ, ವರದಿ ಬುಧವಾರ. ಹದಿನೆಂಟನೆಯ ತಾರೀಕು ವಿಮಾನದವರು ಪತ್ರ ಬರೆದು, ಹಾರಾಟವನ್ನು ಇಪ್ಪತ್ತೊಂಬತ್ತಕ್ಕೆ ಹಾಕಿದ್ದೇವೆ, ಕ್ಷಮಿಸಿ ಎಂದರು. ಮನೆಯವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಾಗ ನಾನು ಒಂದು ಅಂಕಿ ಬದಲಿಸಿದೆ, ಅಷ್ಟೆ. ಪಟ್ಟಿಯೆಲ್ಲ ಗಿರ್ರನೆ ತಿರುಗಿ ಮೂರು ದಿನ ಮುಂದಕ್ಕೆ ಸರಿದು ನಿಂತಿತು. ಕ್ಲಿನಿಕ್ಕಿನಲ್ಲಿ ಹೊಸ ಸಮಯವನ್ನೂ ಗೊತ್ತುಮಾಡಿದೆ. ಅಂದಿನ ದಿನಚರಿ: 'ಬದಲಾವಣೆಗೆ ತಗುಲಿದ ಸಮಯ ನಾಲ್ಕು ನಿಮಿಷ.' ಆ ಪುಟ ನೋಡಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಆಗಸ್ಟ್ ಇಪ್ಪತ್ತೇಳರ ಬೆಳಿಗ್ಗೆ ತಮಾರ್ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಳು. ಸಂಜೆ ನಾಲ್ಕೂ ನಲವತ್ತಕ್ಕೆ ಅಮ್ಮನ ಫೋನು ಬಂತು. ಅಲ್ಲಿ ಊಟದ ಹೊತ್ತು ಮುಗಿದಿತ್ತು.

"ಏನೇ, ಆ ಹುಡ್ಗಿ ಹೊರಡೋದು ಯಾವತ್ತು?"

"ಇಪ್ಪತ್ತೊಂಬತ್ತಕ್ಕೆ. ನಾಳೆ ಹತ್ತು ಗಂಟೆಗೆ ಹೋಗಿ ವರದಿ ತಂದುಬಿಟ್ರೆ ಆಯ್ತು."

"ನಾಳೆ ಶನಿವಾರ ಕಣೇ."

"ಹೌದು, ನಿನಗೆ ಒಪ್ಪೊತ್ತು. ಗೊತ್ತು."

"ನನ್ನ ಒಪ್ಪೊತ್ತು ಹಾಳಾಗ್ಲಿ. ಅವ್ರು ಶನಿವಾರ ಬಸ್ ಹತ್ತಲ್ಲ, ಪೆನ್ ಹಿಡಿಯಲ್ಲ ಅಂತ ನೀನೇ ತಾನೆ ಪುರಾಣ ಹೇಳಿದ್ದು? ನಮ್ಮತ್ತೆ ಮಡೀನೇ ವಾಸಿ ಅಂತ ನಾನು ಅಂದಿರ್ಲಿಲ್ವಾ?"

ಫೋನು ಕಿವಿಗಿಟ್ಟುಕೊಂಡೇ ಪಟ್ಟಿ ತೆರೆದೆ. ನನ್ನ ಪಟ್ಟಿಯ ಆರು ಕಾಲಮುಗಳಲ್ಲಿ ವಾರ ಎಂಬ ಕಾಲಂ ಇರಲಿಲ್ಲ. ತಾರೀಕಿತ್ತು, ಗಂಟೆಯಿತ್ತು, ನಿಮಿಷವಿತ್ತು. ಆ ತಾರೀಕು ಶನಿವಾರದ ಮೇಲೆ ಹೋಗಿ ಕೂತದ್ದನ್ನು ಪಟ್ಟಿ ಹೇಳಲಿಲ್ಲ, ನಾನು ಕೇಳಲಿಲ್ಲ. ತಮಾರಳ ಕಣ್ಣು ಇಪ್ಪತ್ತೊಂಬತ್ತನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಅವಳ ತಂದೆ ತಾಯಿ ಸೆನ್ಸೇಯನ್ನು ನಂಬಿದ್ದರು. ಕ್ಲಿನಿಕ್ಕು ಶನಿವಾರ ಹತ್ತರಿಂದ ಹನ್ನೆರಡು, ಭಾನುವಾರ ರಜೆ. ವಿಮಾನ ಭಾನುವಾರ ಮಧ್ಯಾಹ್ನ ಎರಡಕ್ಕೆ.

ಕ್ಲಿನಿಕ್ಕಿಗೆ ಫೋನು ಮಾಡಿದೆ. ಅತ್ತ ಕಡೆಯ ಹೆಂಗಸು ಬಹಳ ವಿನಯದಿಂದ, ಸ್ವತಃ ಬರಲಾಗದವರು ಅಧಿಕಾರ ಪತ್ರ ಕೊಟ್ಟು ಪ್ರತಿನಿಧಿಯನ್ನು ಕಳುಹಿಸಬಹುದು, ಗುರುತಿನ ಚೀಟಿಯೂ ಬೇಕು ಎಂದರು. ಸೂರ್ಯ ಮುಳುಗಲು ಇನ್ನೂ ಒಂದೂ ಮುಕ್ಕಾಲು ಗಂಟೆಯಿತ್ತು. ಕೊಂಬಿನಿ ಎಂದು ಇಲ್ಲಿ ಕರೆಯುವ, ಹಗಲೂ ರಾತ್ರಿ ತೆರೆದಿರುವ ಅಂಗಡಿಗೆ ನುಗ್ಗಿ ಅಧಿಕಾರ ಪತ್ರದ ನಮೂನೆಯನ್ನು ಮುದ್ರಿಸಿಕೊಂಡೆ. ಎರಡು ನಿಲ್ದಾಣ ರೈಲು, ಆಮೇಲೆ ಅವರ ಮನೆಯಿರುವ ಕಿತಾನೋದ ಏರುರಸ್ತೆ. ಆಗಸ್ಟಿನ ಕೋಬೆಯಲ್ಲಿ ಮಾಸ್ಕು ಹಾಕಿಕೊಂಡು ಬೆಟ್ಟ ಓಡಿ ಹತ್ತುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತು ಯೋಗ ಮಾಡಿದ ಹಾಗೆ. ಆರು ಗಂಟೆಗೆ ತಮಾರ್ ಒದ್ದೆ ಕೂದಲಲ್ಲೇ ಸಹಿ ಹಾಕಿದಳು. ಅವಳ ತಾಯಿ ಹಚ್ಚಬೇಕಾದ ಮೇಣದ ಬತ್ತಿಗಳನ್ನು ಸಾಲಾಗಿಟ್ಟು ಕಿಟಕಿಯಾಚೆಯ ಬಿಸಿಲನ್ನೇ ನೋಡುತ್ತಿದ್ದರು. ಎಜ್ರಾ ಅವರು ಮಗಳ ಪಾಸ್‌ಪೋರ್ಟನ್ನು ನನ್ನ ಕೈಗಿಡುವಾಗ, ಅದುವರೆಗೆ ನನ್ನನ್ನು ಒಂದು ಮಾತೂ ಅನ್ನದಿದ್ದವರು, "ಇದೊಂದೇ ಇರೋದು, ವಿನು-ಸಾನ್," ಎಂದರು. ಬೈದಿದ್ದರೆ ವಾಸಿಯಿತ್ತು.

ಶನಿವಾರ ಹತ್ತೂವರೆಗೆ ಸನ್ನೋಮಿಯಾದ ಆ ಕ್ಲಿನಿಕ್ಕಿನಲ್ಲಿದ್ದೆ. ಸರತಿಯಲ್ಲಿ ಮುಂದೆ ಹದಿನಾಲ್ಕು ಮಂದಿ. ಇಲ್ಲಿ ಎಣಿಸಲು ಅಡ್ಡಿಯಿರಲಿಲ್ಲ. ಹನ್ನೊಂದೂ ಎಂಟಕ್ಕೆ ನನ್ನ ಸರದಿ ಬಂತು. ಗಾಜಿನಾಚೆ ಕೂತಿದ್ದವರು ಮೊರಿತಾ ಎಂಬ ನಡುವಯಸ್ಸಿನ ಹೆಂಗಸು. ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗಿ, ಆಗಾಗ ತೆಗೆದು ಒರೆಸಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ಕಿನ ಫೈಲು ತೆಗೆದು ಒಂದೊಂದಾಗಿ ಇಟ್ಟೆ. ಅಧಿಕಾರ ಪತ್ರ. ಪರೀಕ್ಷೆಯ ರಸೀತಿ. ಪಾಸ್‌ಪೋರ್ಟು, ಅದರ ಎರಡು ಪ್ರತಿ. ಟಿಕೆಟ್ಟಿನ ಪ್ರತಿ. ಕೇಳದಿದ್ದರೂ ಅವಳ ಶಾಲೆಯ ಪ್ರಮಾಣಪತ್ರ. ಮೊರಿತಾ-ಸಾನ್ ಎಲ್ಲವನ್ನೂ ನೋಡಿ, ತಲೆಬಾಗಿಸಿ, "ಸುಮಿಮಾಸೆನ್, ಕ್ಷಮಿಸಿ, ಇವೆಲ್ಲ ಅವರ ಕಾಗದ. ಪ್ರತಿನಿಧಿಯವರ ಗುರುತಿನ ಚೀಟಿ?" ಎಂದರು.

ಪ್ರತಿನಿಧಿ ಎಂದರೆ ನಾನು.

ಈ ದೇಶದಲ್ಲಿ ವಿದೇಶಿಯರು ನಿವಾಸದ ಕಾರ್ಡನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕು. ನನ್ನದು ನಿನ್ನೆ ಹೊತ್ತು ಓಡಿದ ಚೀಲದಲ್ಲಿತ್ತು. ಇಂದು ತಮಾರಳ ಫೈಲು ಮಡಚದೆ ಹಿಡಿಯಲೆಂದು ದೊಡ್ಡ ಚೀಲ ತಂದಿದ್ದೆ. ವಿಶ್ವವಿದ್ಯಾಲಯದ ಚೀಟಿ ಕೊಟ್ಟೆ. ಅದರ ಅವಧಿ ಮಾರ್ಚಿಗೇ ಮುಗಿದಿತ್ತು. ಮೊರಿತಾ-ಸಾನ್ ಹಲ್ಲಿನ ನಡುವೆ ಸ್ಸ್ ಎಂದು ಗಾಳಿ ಎಳೆದುಕೊಂಡರು. ಜಪಾನಿನಲ್ಲಿ ಆ ಸದ್ದು ಕೇಳಿದ ಮೇಲೆ ಆಸೆ ಇಟ್ಟುಕೊಳ್ಳಬಾರದು.

"ಹಾಗಾದ್ರೆ ಅವರಿಗೇ ಫೋನ್ ಮಾಡಿ ಕೇಳ್ತೀನಿ. ಮನೇಲಿದ್ದಾರಾ?"

"ಇದ್ದಾರೆ. ಆದ್ರೆ ಫೋನ್ ಎತ್ತಲ್ಲ."

"ಹುಷಾರಿಲ್ವಾ?"

"ಚೆನ್ನಾಗಿದ್ದಾರೆ. ಇವತ್ತು ಶನಿವಾರ."

ಮೊರಿತಾ-ಸಾನ್ ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿ, "ನಮಗೂ ಶನಿವಾರವೇ," ಎಂದರು.

ಆಗ ನಾನು ಎಲ್ಲ ವಿವರಿಸಬೇಕಾಯಿತು. ಯಾರಿಗೂ ಏನನ್ನೂ ವಿವರಿಸದೆ ಬದುಕಬೇಕೆಂದು ಹಂಬಲಿಸಿದ ಹುಡುಗಿಯ ಪರವಾಗಿ, ಅವಳ ಧರ್ಮವನ್ನು ಒಬ್ಬ ತುಮಕೂರಿನವಳು ತನ್ನ ಅರೆಬರೆ ಜಪಾನಿಯಲ್ಲಿ, ಹಿಂದೆ ಸರತಿ ನಿಂತವರೆಲ್ಲ ಕೇಳಿಸಿಕೊಳ್ಳುವಂತೆ ವಿವರಿಸಿದಳು. ಮೊರಿತಾ-ಸಾನ್ ಗಮನವಿಟ್ಟು ಕೇಳಿ, "ಅವರು ನಡೀಬಹುದಾ?" ಎಂದರು. ನಡೆಯಬಹುದು. "ಹಾಗಾದ್ರೆ ಅವರೇ ಬರಲಿ. ನಾವು ಹನ್ನೆರಡಕ್ಕೆ ಮುಚ್ತೀವಿ." ನನ್ನ ಕೋಣೆಗೆ ಹೋಗಿ ಕಾರ್ಡು ತಂದರೆ ಹನ್ನೆರಡೂ ಕಾಲು. ಕಿತಾನೋ ಹತ್ತಿರ. ಮತ್ತೆ ಓಡಿದೆ, ಅದೇ ಏರು, ಅದೇ ಇಡ್ಲಿ ಪಾತ್ರೆ.

ಬಾಗಿಲು ತಟ್ಟಿದಾಗ ಹನ್ನೊಂದೂ ಇಪ್ಪತ್ತೊಂಬತ್ತು. ತೆರೆದವರು ಎಜ್ರಾ. ಬಿಳಿ ಅಂಗಿ ತೊಟ್ಟಿದ್ದರು, ಹಿಂದೆ ತಮಾರ್. ನಾನು ಏದುಸಿರಿನಲ್ಲಿ ಹೇಳಿದ್ದು ಇಷ್ಟೇ: "ನಾನು ನನ್ನ ಕಾರ್ಡ್ ಮರೆತೆ. ಅವರಿಗೆ ತಮಾರಳ ಮುಖ ನೋಡ್ಬೇಕಂತೆ. ಹನ್ನೆರಡಕ್ಕೆ ಮುಚ್ಚುತ್ತೆ."

ತಮಾರ್ ತಂದೆಯ ಮುಖ ನೋಡಿದಳು. ಮೂರು ಸಲ ಸೂಟ್‌ಕೇಸು ಬಿಚ್ಚಿದಾಗಲೂ ಅಳದಿದ್ದವಳು, ಈಗ ಕೆಳತುಟಿ ಕಚ್ಚಿಕೊಂಡಿದ್ದಳು. ಶಬ್ಬಾತ್ ದಿನ ವ್ಯವಹಾರಕ್ಕೆಂದು ಹೊರಡುವುದು ಸರಿಯಲ್ಲ ಎಂದು ಅವರು ಅಂದುಬಿಟ್ಟರೆ ಅದೇ ಕೊನೆಮಾತು, ಅವಳೂ ಒಪ್ಪುತ್ತಾಳೆ, ಅದು ನನಗೆ ಗೊತ್ತಿತ್ತು. ಎಜ್ರಾ ಅವರು ಬೀದಿಯ ಕಡೆ ನೋಡಿದರು. ಆಕಾಶ ನೋಡಿದರು. ಆಮೇಲೆ ಯಾರಿಗೂ ಅಲ್ಲವೆಂಬಂತೆ, "ಇವತ್ತು ಗಾಳಿ ಚೆನ್ನಾಗಿದೆ. ಊಟಕ್ಕೆ ಮುಂಚೆ ಮಗಳ ಜೊತೆ ಸ್ವಲ್ಪ ನಡೆದು ಬರೋಣ ಅನ್ನಿಸ್ತಿದೆ. ಇಳಿಜಾರಿನ ಕಡೆಗೇ," ಎಂದರು. ಗಾಳಿ ಎಲ್ಲಿತ್ತು! ಒಂದು ಎಲೆಯೂ ಅಲುಗುತ್ತಿರಲಿಲ್ಲ.

ನಾನು ಓಡಲು ತಿರುಗಿದೆ. "ವಿನು-ಸಾನ್," ಎಂದರು ಹಿಂದಿನಿಂದ, "ಶಬ್ಬಾತ್ ದಿನ ಓಡಲ್ಲ."

ಆ ಇಳಿಜಾರು ನನ್ನ ಬದುಕಿನ ಅತಿ ಉದ್ದದ ರಸ್ತೆ. ಅಪ್ಪ ಮಗಳು ಮದುವೆಮನೆಗೆ ಹೊರಟವರ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದರು. ನಾನು ಹತ್ತು ಮಾರು ಮುಂದೆ ಹೋಗಿ, ನಿಂತು, ಗಡಿಯಾರ ನೋಡಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ, ಒಟ್ಟಿನಲ್ಲಿ ಅವರು ನಡೆದದ್ದರ ಮೂರರಷ್ಟು ನಡೆದೆ. ಒಂದು ಕಡೆ ರಸ್ತೆ ದಾಟಲು ಕಂಬದ ಗುಂಡಿ ಒತ್ತಿದರಷ್ಟೇ ಹಸಿರು ದೀಪ ಬರುತ್ತದೆ. ಅವರು ಅದನ್ನು ಮುಟ್ಟದೆ ಸುಮ್ಮನೆ ನಿಂತರು. ನಾನು ಯಾರೂ ಹೇಳದೆಯೇ ಹೋಗಿ ಒತ್ತಿದೆ. "ಆಹಾ, ಹಸಿರು ಬಂತು," ಎಂದರು ಎಜ್ರಾ, ತಮ್ಮಷ್ಟಕ್ಕೆ. ತಮಾರ್ ಮಾಸ್ಕಿನೊಳಗೆ ಫಕ್ಕನೆ ನಕ್ಕಳು.

ಕ್ಲಿನಿಕ್ಕಿನ ಕಟ್ಟಡ ಮುಟ್ಟಿದಾಗ ಹನ್ನೊಂದೂ ಐವತ್ತೊಂದು. ಅಲ್ಲಿ ಹೊಸ ತಾಪತ್ರಯ. ಬಾಗಿಲು ತಾನೇ ತೆರೆಯುವಂಥದ್ದು. ಹತ್ತಿರ ಹೋದರೆ ಕಣ್ಣಿಟ್ಟ ಯಂತ್ರ ನೋಡಿ ತೆರೆಯುತ್ತದೆ. ತೆರೆಸಿದ ಹಾಗಾಗುತ್ತದೆ, ಕೂಡದು. ಒಳಗೆ ಕೈಯೊಡ್ಡಿದರೆ ಔಷಧ ಸುರಿಸುವ ಯಂತ್ರ, ಅದೂ ಕೂಡದು. ಮುಖ ತೋರಿಸಿದರೆ ಜ್ವರ ಹೇಳುವ ಪರದೆ, ಅದಂತೂ ಕೂಡದೇ ಕೂಡದು. ಕೊರೊನಾ ಕಾಲದ ಜಪಾನು ಏನನ್ನೂ ಮುಟ್ಟದೆ ಎಲ್ಲ ನಡೆಯುವ ಹಾಗೆ ಏರ್ಪಾಟು ಮಾಡಿಕೊಂಡಿತ್ತು, ಮುಟ್ಟದವರನ್ನು ತಡೆಯುತ್ತಿದ್ದದ್ದೂ ಅದೇ ಏರ್ಪಾಟು. ಅವರಿಬ್ಬರನ್ನೂ ಬೀದಿಯಲ್ಲೇ ನಿಲ್ಲಿಸಿ ನಾನು ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿದೆ. (ಐವತ್ತೆರಡು ಮೆಟ್ಟಿಲು.) "ಮೊರಿತಾ-ಸಾನ್, ಬಂದಿದ್ದಾರೆ. ಆದ್ರೆ ಒಳಗೆ ಬರೋಕಾಗಲ್ಲ," ಎಂದೆ. ಯಾಕೆಂದು ಅವರು ಕೇಳಲಿಲ್ಲ. ಬಹುಶಃ ಮತ್ತೆ ವಿವರಣೆ ಶುರುವಾದೀತೆಂಬ ಭಯ. ಕ್ಲಿಪ್ಪು ಹಲಗೆ, ಪೆನ್ನು, ಲಕೋಟೆ ಹಿಡಿದು ನನಗಿಂತ ಮೊದಲು ಮೆಟ್ಟಿಲಿಳಿದರು.

ಬೀದಿಯಲ್ಲಿ, ಎರಡು ಮಾರು ದೂರ ನಿಂತು, ಅವರು ನಮಸ್ಕರಿಸಿ ತಮಾರಳಿಗೆ ಮಾಸ್ಕು ಇಳಿಸಲು ಹೇಳಿದರು. ನಾನು ಪಾಸ್‌ಪೋರ್ಟು ಬಿಡಿಸಿ ಹಿಡಿದೆ. ಮುಖ ಸರಿಹೋಯಿತು. ಹುಟ್ಟಿದ ದಿನ ಕೇಳಿದರು, ಸರಿಹೋಯಿತು. "ಇಲ್ಲಿ ಸಹಿ."

"ಇವತ್ತು ಬರೆಯೋಕಾಗಲ್ಲ," ಎಂದಳು ತಮಾರ್ ಮೆಲ್ಲನೆ.

"ಸಹಿಯ ಬದಲು ನಿಮ್ಮ ಹೆಸರಿನ ಮೊಹರು?"

"ಅದೂ ಆಗಲ್ಲ."

ಸ್ಸ್ ಎಂಬ ಸದ್ದಿಗೆ ಕಾದೆ. ಬರಲಿಲ್ಲ. ಮೊರಿತಾ-ಸಾನ್ ಅಧಿಕಾರ ಪತ್ರವನ್ನು ಮತ್ತೆ ಓದಿದರು. "ಪ್ರತಿನಿಧಿ ಸಹಿ ಮಾಡಬಹುದು. ಆದ್ರೆ ಪ್ರತಿನಿಧಿ ಯಾರು ಅನ್ನೋದಕ್ಕೆ ಕಾಗದ ಇಲ್ಲ." ಆಮೇಲೆ ತಮಾರಳ ಕಡೆ ತಿರುಗಿದರು. "ನೀವು ಯಾರು ಅನ್ನೋದು ನನಗೆ ಖಾತ್ರಿಯಾಗಿದೆ. ಇವರು ಯಾರು ಅಂತ ನೀವು ಹೇಳಿ. ಈ ವಿನುತಾ-ಸಾನ್ ನಿಜವಾಗಿ ವಿನುತಾ-ಸಾನ್ ಅವರೇನಾ?"

"ಹೌದು. ಎರಡು ವರ್ಷ ನನಗೆ ಗಣಿತ ಹೇಳಿಕೊಟ್ಟಿದ್ದಾರೆ. ನಾನು ಹೋಂವರ್ಕ್ ಮಾಡದೆ ಬಂದದ್ದು ಎಷ್ಟು ಸಲ ಅಂತ ಈಗ ಕೇಳಿದ್ರೂ ಹೇಳ್ತಾರೆ. ಬೇರೆ ಯಾರಾದ್ರೂ ಆಗಿದ್ರೆ ಹೇಳೋಕಾಗಲ್ಲ."

ಮೊರಿತಾ-ಸಾನ್ ನನ್ನತ್ತ ನೋಡಿದರು. "ಎಷ್ಟು?"

"ಹದಿನೇಳು," ಎಂದೆ. "ಅದರಲ್ಲಿ ಎರಡು ಸಲ ಜ್ವರ."

"ಮೂರು ಸಲ!" ಎಂದಳು ತಮಾರ್.

"ಎರಡು. ಮೂರನೇ ಸಲ ನಿಮ್ಮ ಬೆಕ್ಕಿಗೆ ಜ್ವರ."

ಮೊರಿತಾ-ಸಾನ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಭುಜ ಅಲುಗುತ್ತಿದ್ದುದನ್ನು ನೋಡಿದರೆ ನಗುತ್ತಿದ್ದರೆಂದು ಕಾಣುತ್ತದೆ. "ಖಾತ್ರಿಯಾಯ್ತು," ಎಂದು ಹಲಗೆಯನ್ನು ನನ್ನ ಮುಂದೆ ಹಿಡಿದರು. ಸಹಿ ಹಾಕಿದೆ. ಹನ್ನೊಂದೂ ಐವತ್ತೆಂಟು. ಲಕೋಟೆಯೊಳಗೆ ಒಂದು ಹಾಳೆ, ಅದರಲ್ಲಿ ಸೋಂಕು ಇಲ್ಲ ಎಂಬ ಒಂದು ಮಾತು, ಪಕ್ಕದಲ್ಲಿ ಕೆಂಪು ಮೊಹರು. ಎಜ್ರಾ ಅವರು ಅದನ್ನು ಮುಟ್ಟಲಿಲ್ಲ, ದೂರದಿಂದಲೇ ಓದಿ, ಮೊರಿತಾ-ಸಾನ್ ಅವರಿಗೆ ಬಾಗಿ ನಮಸ್ಕರಿಸಿದರು. ಅಷ್ಟೆತ್ತರದ ಮನುಷ್ಯ ಅಷ್ಟು ಬಾಗಬಹುದೆಂದು ನಾನು ತಿಳಿದಿರಲಿಲ್ಲ. ಆಕೆ ಇನ್ನೂ ಸ್ವಲ್ಪ ಹೆಚ್ಚು ಬಾಗಿದರು. ಹನ್ನೆರಡು ಹೊಡೆದರೂ ಅದು ನಡೆಯುತ್ತಲೇ ಇತ್ತು.

ಭಾನುವಾರ ತಮಾರ್ ಹೋದಳು. ವಿಮಾನ ನಿಲ್ದಾಣ ಖಾ‌ಲಿ ಹೊಡೆಯುತ್ತಿತ್ತು, ಹೊರಡುವವರ ಫಲಕದಲ್ಲಿ ಹೆಚ್ಚಿನ ಸಾಲುಗಳ ಮುಂದೆ ರದ್ದು ಎಂದಿತ್ತು, ಅವಳ ಸಾಲಿನ ಮುಂದೆ ಇರಲಿಲ್ಲ. ತಪಾಸಣೆಯ ಗಾಜಿನಾಚೆ ಹೋದ ಮೇಲೆ ಅವಳು ತಿರುಗಿ ನೋಡುತ್ತಾಳೆಂದು ಎಜ್ರಾ ಅವರು ಕಾದರು. ಅವಳು ನೋಡಲಿಲ್ಲ, ಹೆಚ್ಚುಕಡಿಮೆ ಓಡುತ್ತಲೇ ಹೋದಳು. "ಇವತ್ತು ಓಡಬಹುದು," ಎಂದರು ಅವರು, ಕನ್ನಡಕದ ಕೆಳಗೆ ಬೆರಳು ತೂರಿಸಿಕೊಂಡು.

ಎರಡು ವಾರ ಕಳೆದು, ಸೆಪ್ಟೆಂಬರ್ ಹದಿಮೂರು, ಸೋಮವಾರ, ಅವಳಿಂದ ಪತ್ರ ಬಂತು. ಕ್ವಾರಂಟೈನ್ ಮುಗಿದಿದೆ, ಜೆರುಸಲೇಮಿನ ಮನೆಯಲ್ಲಿ ನಾವೆಲ್ಲ ಸೇರಿದ್ದೇವೆ, ಎಷ್ಟು ಮಂದಿ ಎಂದು ಕೇಳಬೇಡಿ, ಇಲ್ಲಿ ಶನಿವಾರ ಇಡೀ ಬೀದಿ ಸುಮ್ಮನಿರುತ್ತದೆ, ಯಾಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಒಂದೇ ತೊಂದರೆಯೆಂದರೆ ಜಪಾನಿನಲ್ಲಿ ಯಹೂದಿಗಳು ಹೇಗಿರುತ್ತಾರೆಂದು ಮನೆಯವರೆಲ್ಲ ಬೆಳಗಿನಿಂದ ಸಂಜೆವರೆಗೆ ಕೇಳುತ್ತಿದ್ದಾರೆ, ವಿವರಿಸಿ ವಿವರಿಸಿ ಸಾಕಾಗಿದೆ. ಪಾತ್ರೆ ತೊಳೆಯುವ ಸರದಿಗೆಂದು ನನ್ನ ವೇಳಾಪಟ್ಟಿಯನ್ನೇ ಬಳಸಿಕೊಳ್ಳುತ್ತಿದ್ದಾಳಂತೆ, ಆದರೆ ತಿದ್ದಿ. ತಿದ್ದಿದ್ದನ್ನು ಲಗತ್ತಿಸಿದ್ದಳು. ಮೇಷ್ಟರ ಉತ್ತರಪತ್ರಿಕೆಯನ್ನು ವಿದ್ಯಾರ್ಥಿ ತಿದ್ದಿದರೆ ಹೇಗಿರುತ್ತದೋ ಹಾಗಿತ್ತು, ಎಲ್ಲ ಕೆಂಪು. ಏಳನೆಯ ಕಾಲಮ್ಮಿನಲ್ಲಿ ವಾರ. ಎಂಟನೆಯದರಲ್ಲಿ ಸೂರ್ಯಾಸ್ತ. ಎಲ್ಲಕ್ಕಿಂತ ಕೆಳಗೆ ಒಂದು ಹೊಸ ಸಾಲು: 'ಯಾರು: ವಿನು ಸೆನ್ಸೇ. ಬೇಕಾದ ಕಾಗದ: ನಿವಾಸದ ಕಾರ್ಡು. ಮುಗಿಯಿತೇ: ಇಲ್ಲ. ಸೆನ್ಸೇ, ಈ ಪಟ್ಟಿಯಲ್ಲಿ ಎಲ್ಲರ ಕಾಗದವೂ ಇತ್ತು, ನಿಮ್ಮದು ಒಂದೂ ಇರಲಿಲ್ಲ. ದಯವಿಟ್ಟು ಒಮ್ಮೆ ತೆಗೆದು ನೋಡಿ.'

ನಕ್ಕೆ. ಆದರೂ ಶಿಷ್ಯೆ ಕೊಟ್ಟ ಹೋಂವರ್ಕು, ಮಾಡದೆ ಬಿಡಬಾರದೆಂದು ಚೀಲದಿಂದ ಕಾರ್ಡು ತೆಗೆದು ನೋಡಿದೆ. ಎರಡು ಸಲ ನೋಡಿದೆ. ಅದರ ಅವಧಿ ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ಮುಗಿಯುತ್ತಿತ್ತು. ಹನ್ನೊಂದು ದಿನ. ಅದಾದ ಮೇಲೆ ನಾನು ಈ ದೇಶದಲ್ಲಿ ಉಸಿರಾಡುವುದೂ ಕಾನೂನಿಗೆ ವಿರುದ್ಧ.

ಮಂಗಳವಾರ ಬೆಳಿಗ್ಗೆ ಎಂಟಕ್ಕೇ ವಲಸೆ ಕಚೇರಿಯ ಸರತಿಯಲ್ಲಿ ನಿಂತಿದ್ದೆ. ಅರ್ಜಿ ನಾಲ್ಕು ಪುಟ. ಪ್ರಶ್ನೆಗಳಿಗೆಲ್ಲ ಒಂದೊಂದಾಗಿ, ಅಕ್ಷರ ಗುಂಡಗೆ, ನಿಜವನ್ನೇ ಬರೆದೆ. ಕೊನೆಯ ಪುಟದಲ್ಲಿ, ನಿಮ್ಮ ಪರವಾಗಿ ಈ ವಿಷಯ ನೋಡಿಕೊಳ್ಳುವ ಪ್ರತಿನಿಧಿ ಯಾರಾದರೂ ಇದ್ದಾರೆಯೇ ಎಂದು ಕೇಳಿತ್ತು. ಇಲ್ಲ ಎಂದು ಬರೆದೆ. ಆ ನಾಲ್ಕು ಪುಟಗಳಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.